ಗಾಲಿ ಇದ್ದ ಹಡಗು

ನಲವತ್ತಮೂರನೇ ಇಸವಿಯ ಆ ಸೋಮವಾರ ನನ್ನ ಗಂಡ ನಾಗನಾಥ ಒಲೆಯ ಎದುರಿನ ಗೋಡೆಗೆ ಹಡಗು ಬರೆಯುತ್ತಿದ್ದರು. ಹುಮನಾಬಾದಿನ ಮನೆಗಳಿಗೆ ಸುಣ್ಣ ಹಚ್ಚುವುದು ಅವರ ಕೆಲಸ. ಸುಣ್ಣಕ್ಕೆ ಹಾಕಿ ಉಳಿದ ನೀಲಿಯಿಂದ ನಮ್ಮ ಗೋಡೆಯ ಮೇಲೆ ಸಮುದ್ರ ಮಾಡಿದ್ದರು. ಸಮುದ್ರವನ್ನು ಅವರು ಕಂಡವರಲ್ಲ. ಹಡಗಿನ ಕೆಳಗೆ ಬಂಡಿಗಾಲಿ ಬರೆದರು.

“ಹಡಗಿಗಿ ಗಾಲಿ ಇರ್ತಾವೇನ್ರಿ?” ಎಂದು ನಕ್ಕೆ.

“ದಂಡಿಗಿ ಬಂದಮ್ಯಾಲ ಮನಿತನಕ ಹ್ಯಾಂಗ ಬರ್ಬೇಕ, ಹುಚ್ಚಿ?” ಎಂದರು.

ಮರುದಿನ ಹತ್ತಿರದ ಕಲ್ಯಾಣ ಊರಿನಲ್ಲಿ ಕೆಲಸ ಮಾಡುವಾಗ ಏಣಿಯಿಂದ ಬಿದ್ದು ತೀರಿಕೊಂಡರು.

ನಮ್ಮಲ್ಲಿ ಸೂತಕ ಕಳೆಯುವ ದಿನ ಮನೆಗೆಲ್ಲ ಸುಣ್ಣ ಹಚ್ಚಬೇಕು. ಅತ್ತೆಯೇ ಸುಣ್ಣದ ಗಡಿಗೆ ಹಿಡಿದು ಬಂದರು. ಮೂರು ಗೋಡೆ ಬೆಳ್ಳಗಾದವು. ಆ ಹಡಗೂ ಹೋದರೆ ನನ್ನ ಗಂಡನ ಕೈಯದು ನನಗೆ ಏನೂ ಉಳಿಯುತ್ತಿರಲಿಲ್ಲ. ನಾಲ್ಕನೆಯ ಗೋಡೆಯ ಮುಂದೆ ಅತ್ತೆ ಬಹಳ ಹೊತ್ತು ನಿಂತರು. ಗಡಿಗೆಯನ್ನು ಕೆಳಗಿಟ್ಟರು.

“ಹಡಗ ಇನ್ನಾ ದಂಡಿಗಿ ಮುಟ್ಟಿಲ್ಲ. ಇರ್ಲಿ ಬಿಡವ್ವ.”

ಅಷ್ಟು ದಿನಗಳಲ್ಲಿ ಅಂದೇ ನನಗೆ ಹಸಿವಾಯಿತು. ಇಬ್ಬರೂ ಕೂತು ರೊಟ್ಟಿ ಉಂಡೆವು.

ಈಗಲೂ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಆ ಗಾಲಿಗಳಿಗೆ ಹಿಡಿದ ಹೊಗೆಯ ಮಸಿಯನ್ನು ಒಣಬಟ್ಟೆಯಿಂದ ಮೆಲ್ಲಗೆ ಒರೆಸುತ್ತೇನೆ.