ತಾವರೆಹೊಂಡದ ನಾಲ್ಕು ಮೊಟ್ಟೆ

ಕೆರಗೋಡಿನ ಕಡೆಯ ಚಿಕ್ಕಬೋರಯ್ಯನಿಗೆ ಇದ್ದದ್ದು ಎರಡೂವರೆ ಎಕರೆ. ನಾಲೆ ಬರುವ ಮೊದಲು ಅದರಲ್ಲಿ ರಾಗಿ, ಹುರುಳಿ ಬಿಟ್ಟರೆ ಬೇರೇನೂ ಆಗುತ್ತಿರಲಿಲ್ಲ. ಹಕ್ಕಿಗಳೆಂದರೆ ಅವನಿಗೆ ಪ್ರಾಣ. ಉಳುವಾಗ ಟಿಟ್ಟಿಭದ ಮೊಟ್ಟೆ ಕಂಡರೆ ಎತ್ತು ತಿರುಗಿಸಿ ಅಷ್ಟು ನೆಲವನ್ನು ಹಾಗೇ ಬಿಡುತ್ತಿದ್ದ. ಪಕ್ಕದ ಹೊಲದ ಬೆಟ್ಟಯ್ಯ ಅದನ್ನು ಊರಿಗೆಲ್ಲ ಹೇಳಿ ನಗುತ್ತಿದ್ದ.

ನಾಲೆಯ ನೀರು ಹರಿದು ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಹೊಲವೆಲ್ಲ ಗದ್ದೆಯಾಯಿತು. ಅವನ ಜಮೀನಿನ ತಗ್ಗಿನಲ್ಲಿ, ಊರಿನ ಮನೆಗಳಿಂದ ಕೂಗಳತೆಯಲ್ಲಿ, ಬಸಿನೀರು ನಿಂತು ಹೊಂಡವಾಯಿತು. ಎಲ್ಲಿಂದಲೋ ತಾವರೆ ಬಂದು ಹಬ್ಬಿತು. ಅದರ ಹಿಂದೆಯೇ ಆ ಊರಿನವರು ಕಂಡಿರದ ಹಕ್ಕಿಗಳು ಬಂದವು. ಅವುಗಳಲ್ಲಿ ಒಂದು ಜಾತಿ ಉದ್ದನೆಯ ಬೆರಳೂರಿ ತಾವರೆಯೆಲೆಯ ಮೇಲೆ ನಡೆದಾಡುತ್ತಿತ್ತು. ಮಗಳು ಮಾಯಮ್ಮ ಅದಕ್ಕೆ ಎಲೆಕೋಳಿ ಎಂದು ಹೆಸರಿಟ್ಟಳು. ಮೊಟ್ಟೆಯಿಟ್ಟ ಹೆಣ್ಣು ತನ್ನ ಪಾಡಿಗೆ ಹೋಗಿಬಿಡುವುದನ್ನೂ, ಗಂಡೇ ಕಾವು ಕೂರುವುದನ್ನೂ ಚಿಕ್ಕಬೋರಯ್ಯ ನೋಡಿ ಬಂದು ಹೆಂಡತಿ ರೇವಮ್ಮನಿಗೆ ಹೇಳಿದ. ಅವಳಿಗೆ ನಂಬಿಕೆಯಾಗಲಿಲ್ಲ. ಬುತ್ತಿ ತಂದ ದಿನ ಬದುವಿನ ಮೇಲೆ ಕೂತು ತಾನೇ ನೋಡಿದಳು.

ನೀರಿನ ಜೊತೆ ಚಳಿಜ್ವರವೂ ಬಂದಿತ್ತು. ವರ್ಷ ವರ್ಷವೂ ಮಳೆಗಾಲದಲ್ಲಿ ಮನೆಗೊಬ್ಬರು ಕಂಬಳಿ ಹೊದ್ದು ನಡುಗುತ್ತ ಮಲಗುತ್ತಿದ್ದರು. ಸಾವಿರದ ಒಂಬೈನೂರ ನಲವತ್ತಮೂರರಲ್ಲಿ, ಪುನರ್ವಸು ಮಳೆ ಸುರಿಯುತ್ತಿದ್ದಾಗ, ಆರೋಗ್ಯ ಇಲಾಖೆಯವರೊಬ್ಬರು ಸೈಕಲ್ಲಿನಲ್ಲಿ ಬಂದು ಊರ ಸುತ್ತಿನ ನಿಂತ ನೀರನ್ನೆಲ್ಲ ನೋಡಿದರು. ಯುದ್ಧದಿಂದಾಗಿ ಕ್ವಿನೈನ್ ಮಾತ್ರೆ ಸಿಗುತ್ತಿಲ್ಲ, ಸೊಳ್ಳೆ ಹುಟ್ಟದಂತೆ ಮಾಡುವುದೊಂದೇ ಈಗ ದಾರಿ, ವಾರದೊಳಗೆ ಬದು ಕಡಿದು ಹೊಂಡದ ನೀರನ್ನು ಹಳ್ಳಕ್ಕೆ ಬಿಡಬೇಕು ಎಂದು ಚಿಕ್ಕಬೋರಯ್ಯನಿಗೆ ತಿಳಿಹೇಳಿ ಹೋದರು.

ಆ ಹೊತ್ತಿಗೆ ಸರಿಯಾಗಿ ತಾವರೆಯೆಲೆಗಳ ನಡುವೆ ನಾಲ್ಕು ಮೊಟ್ಟೆಗಳಿದ್ದವು. ಕಂದುಬಣ್ಣ, ಮೇಲೆ ಶಾಯಿ ಚೆಲ್ಲಿದಂಥ ಗೀರು. ನೀರಿಳಿದರೆ ನಾಯಿಯ ಪಾಲು. ವಾರ ಕಳೆಯಿತು. ಅವನು ಗುದ್ದಲಿ ಮುಟ್ಟಲಿಲ್ಲ. ಬೆಟ್ಟಯ್ಯ ಹುಡುಕಿಕೊಂಡು ಬಂದ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

“ನಮ್ಮನೇಲಿ ಇಬ್ರು ಮಲಗವ್ರೆ ಕಣ್ಲಾ. ಆ ಹೊಂಡ ಯಾವಾಗ್ಲಾ ಕಡೀತೀಯೆ?”

“ಮರಿ ಆಗೋಗಂಟ ಬುಡ್ಲಾ. ಇನ್ನೊಂದು ಅದಿನೈದು ದಿನ. ಆಮೇಲೆ ನಾನೇ ಕಡೀತೀನಿ.”

ಬೆಟ್ಟಯ್ಯ ಬದು ಹಿಡಿದು ಮನೆಯ ಕಡೆ ಹೊರಟುಹೋದ.

ಆಶ್ಲೇಷ ಮಳೆ ಹುಟ್ಟಿದ ಮೂರನೆಯ ದಿನ ನಾಟಿ ಹಾಕುತ್ತಿದ್ದ ರೇವಮ್ಮ ಕೆಸರಿನಲ್ಲೇ ಕುಸಿದು ಕೂತಳು. ಸಂಜೆಗೆ ಮೈ ಕೆಂಡವಾಯಿತು. ಚಿಕ್ಕಬೋರಯ್ಯ ಮಂಡ್ಯಕ್ಕೆ ನಡೆದುಹೋಗಿ, ಇಡೀ ದಿನ ಅಲೆದು, ಆರು ಮಾತ್ರೆ ತಂದ. ಅವು ಮುಗಿದ ಮಾರನೆಯ ದಿನವೇ ಚಳಿ ತಿರುಗಿ ಬಂತು. ನಾಲ್ಕು ಕಂಬಳಿ ಹೊದಿಸಿದರೂ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಜ್ವರ ಸ್ವಲ್ಪ ಇಳಿದ ಒಂದು ಬೆಳಗ್ಗೆ ಅವನ ಕೈ ಹಿಡಿದು ಕೇಳಿದಳು:

“ಆ ಅಕ್ಕಿ ಮರಿ ಮಾಡ್ತಾ?”

ಎರಡು ಒಡೆದಿವೆ, ಇನ್ನೆರಡು ಇವತ್ತೋ ನಾಳೆಯೋ ಎಂದ. ಅವಳು ಸಣ್ಣಗೆ ನಕ್ಕಳು. ಅವನಿಗೆ ಆ ನಗು ತಡೆಯಲಾಗದೆ ಎದ್ದು ಹಿತ್ತಲಿಗೆ ಹೋದ. ನಾಲ್ಕು ದಿನದ ಮೇಲೆ ರೇವಮ್ಮ ತೀರಿಕೊಂಡಳು.

ಮಣ್ಣು ಮಾಡಿ ಬಂದವನು ಸ್ನಾನ ಮುಗಿಸಿ ನೇರ ಹೊಂಡಕ್ಕೆ ಹೋದ. ತಡೆಯಲು ಬಂದ ನೆಂಟರನ್ನು ಬೆಟ್ಟಯ್ಯನೇ ಹಿಂದಕ್ಕೆ ಕಳಿಸಿ, ತಾನೂ ಒಂದು ಗುದ್ದಲಿ ತಂದ. ಕತ್ತಲಾಗುವುದರೊಳಗೆ ನೀರು ಹಳ್ಳದ ಕಡೆ ಹರಿಯಿತು. ಗಂಡು ಎಲೆಕೋಳಿ ಮರಿಗಳನ್ನು ರೆಕ್ಕೆಯಡಿ ಅಮುಕಿಕೊಂಡು ಭತ್ತದ ಗದ್ದೆಗೆ ಓಡಿತು. ಪುಟ್ಟ ಕಾಲುಗಳು ರೆಕ್ಕೆಯ ಕೆಳಗೆ ಜೋತಾಡುತ್ತಿದ್ದವು. ಅವು ಬದುಕಿದವೋ ಇಲ್ಲವೋ ಚಿಕ್ಕಬೋರಯ್ಯ ಹೋಗಿ ನೋಡಲಿಲ್ಲ.

ಮುಂದೆ ಅದೇ ಇಲಾಖೆಯವರು ಊರಿಗೆ ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ಅವಳನ್ನು ಕಚ್ಚಿದ್ದು ನನ್ನ ಹೊಂಡದ ಸೊಳ್ಳೆಯೇ? ಸುತ್ತ ಇಷ್ಟು ನೀರಿರುವಾಗ ಅದನ್ನು ಯಾರೂ ಹೇಳಲಾರರು ಎಂದರು ಅವರು. ಸಮಾಧಾನಕ್ಕೆಂದು ಹೇಳಿದ ಆ ಮಾತು ಅವನನ್ನು ಮತ್ತಷ್ಟು ತಿಂದಿತು. ಮಗಳಿಗೆ ಆಗ ಹನ್ನೆರಡು ವರ್ಷ. ಇಲಾಖೆಯವರು ಗಡುವು ಕೊಟ್ಟದ್ದನ್ನೂ ತಾನು ಮೀರಿದ್ದನ್ನೂ ಅವಳಿಗೆ ಬಿಡಿಸಿ ಹೇಳಿದ. ಮಾಯಮ್ಮ ಒಂದು ತಿಂಗಳು ಅಪ್ಪನಿಗೆ ಅನ್ನ ಬಡಿಸಿದಳು, ಮಾತಾಡಲಿಲ್ಲ. ಆಮೇಲೆ ಮಾತು ಬಂತಾದರೂ ಹಕ್ಕಿಯ ಸುದ್ದಿ ಅವರಿಬ್ಬರ ನಡುವೆ ಬರಲಿಲ್ಲ.

ಮುಂದಿನ ಮೂರು ನಾಲ್ಕು ವರ್ಷ ಅವನು ಬಿಡುವಾದಾಗಲೆಲ್ಲ ಗುದ್ದಲಿ ಹಿಡಿದು ಪಕ್ಕದ ಊರುಗಳಿಗೆ ಹೋಗಿ ಬಸಿಗಾಲುವೆ ತೋಡಿಕೊಟ್ಟ. ತಮ್ಮ ಗುಂಡಿ ಮುಚ್ಚಲು ಒಪ್ಪದವರ ಮುಂದೆ ಕೂತು ರೇವಮ್ಮನ ವಿಷಯ ಹೇಳುತ್ತಿದ್ದ. ಕೆಲವರು ಒಪ್ಪಿದರು, ಕೆಲವರು ಬೈದು ಕಳಿಸಿದರು.

ನಲವತ್ತೇಳರ ಬೇಸಗೆಯಲ್ಲಿ ಮಾಯಮ್ಮನಿಗೆ ಮಳವಳ್ಳಿ ಕಡೆಯಿಂದ ಸಂಬಂಧ ಬಂತು. ಗಂಡಿನವರು ತಮ್ಮ ಜಮೀನಿನ ಮಾತೆತ್ತಿದಾಗ, ಮನೆಯ ಹತ್ತಿರ ನೀರು ನಿಲ್ಲುವ ತಗ್ಗು ಇದೆಯೇ ಎಂದು ಚಿಕ್ಕಬೋರಯ್ಯ ಕೇಳಿದ. ಅವರಿಗೆ ಅರ್ಥವಾಗಲಿಲ್ಲ. ಒಳಗಿದ್ದ ಮಾಯಮ್ಮ ಬಾಗಿಲಿಗೆ ಬಂದು, “ಓಗಿ ನೋಡ್ಕಂಡು ಬಾರಪ್ಪ, ನೀನು ಊ ಅಂದ್ರೆ ನಾನೂ ಊ ಅಂತೀನಿ” ಎಂದಳು. ಮರುದಿನ ಅವನು ಮೊದಲ ಬಸ್ಸು ಹತ್ತಿದ.