ಟ್ಯಾಕ್ಸ್ ಸಾಹೇಬರ ಕೊನೆಯ ನೋಟೀಸು

ಅವರ ಎಡ ಹುಬ್ಬಿನ ಮೇಲೆ ಬೆರಳಿನ ಗೆಣ್ಣಿನಷ್ಟು ಉದ್ದದ ಒಂದು ಗಾಯದ ಗುರುತಿತ್ತು. ಬಿಸಿಲಿಗೆ ಮುಖವೆಲ್ಲ ಕಪ್ಪಾದಾಗಲೂ ಅದೊಂದು ಬೆಳ್ಳಗೆ ಉಳಿಯುತ್ತಿತ್ತು. ಆ ಗಾಯ ಆದದ್ದು ನಮ್ಮ ಮನೆಯಲ್ಲಿ. ಬಟ್ಟೆಗೂ ಜಿಎಸ್‌ಟಿ ಬಂದ ಹೊಸದರಲ್ಲಿ ಅವರು ಜಮಖಂಡಿಯಿಂದ ಬನಹಟ್ಟಿಗೆ ತೆರಿಗೆ ತಪಾಸಣೆಗೆ ಬಂದಿದ್ದರು. ಆರಡಿ ಮೀರಿದ ಎತ್ತರ. ನಮ್ಮ ಮಗ್ಗದ ಶೆಡ್ಡಿನ ಬಾಗಿಲೋ ಗಿಡ್ಡ. ಬಿಲ್ಲಿಲ್ಲದೆ ಮಾರಲೆಂದು ಅಪ್ಪ ಒಳಗೆ ಒಟ್ಟಿದ್ದ ಸೀರೆಗಂಟುಗಳನ್ನು ನೋಡಲು ನುಗ್ಗುವಾಗ ಚೌಕಟ್ಟು ಹಣೆಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಅವ್ವ ಗಾಬರಿಯಾಗಿ ಕೈಗೆ ಸಿಕ್ಕ ಸೀರೆಯ ತುಂಡೊಂದನ್ನು ಕೊಟ್ಟಳು. ಒಂದು ಕೈಯಲ್ಲಿ ಅದನ್ನು ಹಣೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗಂಟುಗಳನ್ನೆಲ್ಲ ಬರೆದುಕೊಂಡು, ದಂಡ ಹಾಕಿಯೇ ಹೋದರು.

ಮೂರನೆಯ ದಿನ ಮತ್ತೆ ಬಂದರು. ಆ ತುಂಡನ್ನು ಒಗೆದು, ಇಸ್ತ್ರಿ ಮಾಡಿಸಿ ತಂದಿದ್ದರು. "ನಿಮ್ಮ ಮನಿ ಅರಿವಿ ನನ್ನ ಕಡೆ ಉಳೀಬಾರದ್ರಿ" ಎಂದು ಅವ್ವನ ಕೈಗಿಟ್ಟು, ನೀರು ಸಹ ಕುಡಿಯದೆ ಹೋದರು. ಅಪ್ಪ ಅವರ ಬೆನ್ನು ಮರೆಯಾಗುವವರೆಗೂ ಸುಮ್ಮನಿದ್ದು ಆಮೇಲೆ ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾಗದು.

ಊರೆಲ್ಲ ಅವರನ್ನು ಟ್ಯಾಕ್ಸ್ ಸಾಹೇಬರು ಎನ್ನುತ್ತಿತ್ತು. ನಿವೃತ್ತರಾದ ಮೇಲೆ ಅವರು ನಮ್ಮ ಪಕ್ಕದ ಮನೆಯನ್ನೇ ಕೊಂಡು ಬಂದಾಗ ಓಣಿಯ ನೇಕಾರರಿಗೆ ನಂಬಲಾಗಲಿಲ್ಲ. ಕಾರಣ ಅವರ ಹೆಂಡತಿ. ಆಕೆಯ ತವರು ತೇರದಾಳ. ತಮ್ಮನ ಮನೆ ಹತ್ತಿರವಿರಲಿ ಎಂದು ಹಟ ಹಿಡಿದಿದ್ದರಂತೆ. ಆಕೆಯನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಮಕ್ಕಳಿರಲಿಲ್ಲ. ನಗಲು ಕಾರಣವೇ ಬೇಕಿಲ್ಲದ ಹೆಂಗಸು. ಆಕೆಯಿಂದಾಗಿಯೇ ಅಪ್ಪನ ಸಿಟ್ಟು ವರ್ಷದೊಳಗೆ ಕರಗಿತು.

ನಾನು ಆಗ ಮನೆಯ ಮುಂದಿನ ಕೋಣೆಯಲ್ಲಿ ನನ್ನದೇ ಕೆಲಸ ಶುರು ಮಾಡಿದ್ದೆ. ಸೀರೆ ಅಂಗಡಿಗಳಿಗೆ, ಕೋಚಿಂಗ್ ಕ್ಲಾಸುಗಳಿಗೆ ಮೊಬೈಲಿನಲ್ಲಿ ಬರುವ ಜಾಹೀರಾತು ಮಾಡಿಕೊಡುವುದು. ಪದ ಬರೆಯುವುದು, ಚಿತ್ರ ಮಾಡುವುದು, ಆಮೇಲೆ ಅದನ್ನು ವಿದೇಶಿ ಕಂಪನಿಯ ಆ್ಯಪಿನಲ್ಲಿ ಹಾಕಿ ಯಾವ ಊರಿನ ಯಾವ ವಯಸ್ಸಿನವರಿಗೆ ಕಾಣಬೇಕೆಂದು ಆರಿಸುವುದು. ಗಿರಾಕಿಗಳು ಕೊಡುವುದರಲ್ಲಿ ಹೆಚ್ಚಿನ ಪಾಲು ಆ ಕಂಪನಿಗೇ ಹೋಗುತ್ತಿತ್ತು. ಸಾಹೇಬರಿಗೆ ಇದು ತಿಳಿದ ದಿನದಿಂದ ನಮ್ಮಿಬ್ಬರ ವಾದ ಶುರುವಾಯಿತು.

"ಬನಹಟ್ಟಿಯಾಗ ವ್ಯಾಪಾರ ಮಾಡ್ತಾರ, ಬನಹಟ್ಟಿಗೆ ಏನ್ ಕೊಡ್ತಾರ?" ಎಂದು ಕೇಳುವರು.

"ಸಾಹೇಬ್ರ, ಅವರಿಗೆ ಟ್ಯಾಕ್ಸ್ ಹಾಕಿದ್ರ ಅವರೇನು ತಮ್ಮ ಕಿಸೆದಾಗಿಂದ ಕೊಡ್ತಾರೇನ್ರಿ? ನಮ್ಮ ಬಿಲ್ಲಿಗೆ ಕೂಡಸ್ತಾರ. ಕಡೀಕ ಸೀರಿ ಅಂಗಡಿಯವರಿಗೇ ಭಾರ ಬೀಳತೈತಿ."

"ನಿಮ್ಮಪ್ಪನೂ ಇದನ್ನ ಅಂದಿದ್ದ, ಸೀರಿ ಉಡಾಕಿಗೆ ಭಾರ ಆಗತೈತಿ ಅಂತ. ಖರೇನ ಐತಿ. ಹಂಗಂತ ಬಿಟ್ಟೆನೇನು?"

"ಸಿಟ್ಟಾಗಿ ದೇಶಾನ ಬಿಟ್ಟು ಹೋದ್ರ?"

"ಇಷ್ಟು ಗಿರಾಕಿ ಬಿಟ್ಟು ಎಲ್ಲಿ ಹೋಗತಾರಬೇ? ನೀವು ಬಡವರು, ನಾವು ಹ್ವಾದ್ರ ಸಾಯ್ತೀರಿ ಅಂತ ಅಂಜಸ್ತಾರ. ಬಡವರ ಊರಾಗ ಯಾಕ ಇಷ್ಟು ದೊಡ್ಡ ಅಂಗಡಿ ಹಾಕ್ಯಾರ ಕೇಳು."

ಒಮ್ಮೆ ಮಾತ್ರ ವಾದ ಬಿಟ್ಟು ಮೆಲ್ಲಗೆ ಹೇಳಿದರು: "ರೊಕ್ಕದ ಮಾತಷ್ಟ ಅಲ್ಲ ಯವ್ವಾ. ಟ್ಯಾಕ್ಸ್ ಕಟ್ಟಾಂವ ಹೆಸರ ಹೇಳಬೇಕು, ಜಾಗಾ ತೋರಸಬೇಕು. ನಾಳೆ ಏನರ ಆದ್ರ ಹೋಗಿ ಕೇಳಾಕ ಬರತೈತಿ." ನನಗೆ ಅದು ಹಳೆಯ ಕಾಲದ ಅಧಿಕಾರಿಯ ಮಾತು ಎನಿಸಿತು.

ಕಾಕುಗೆ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಎರಡು ಸಲ ಜಮಖಂಡಿಯ ಸರ್ಕಾರಿ ಆಸ್ಪತ್ರೆಗೆ ಡಯಾಲಿಸಿಸ್. ಸಾಹೇಬರು ಬಸ್ಸಿನಲ್ಲಿ ಕರೆದೊಯ್ದು, ನಾಲ್ಕು ತಾಸು ಪಕ್ಕದಲ್ಲಿ ಕುಳಿತು, ಕರೆತರುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಸಾಹೇಬರು ಆ ಯಂತ್ರದ ಮೇಲೆ ಕೈಯಿಟ್ಟು, "ಇದರಾಗ ನಿಮ್ಮಪ್ಪ ಕಟ್ಟಿದ ಟ್ಯಾಕ್ಸೂ ಐತಿ ನೋಡು" ಎಂದರು. ಹಾಸಿಗೆಯಲ್ಲಿದ್ದ ಕಾಕು ನಗುತ್ತ, "ಹಂಗಾರ ನಿಮ್ಮಪ್ಪಗ ಹೇಳಬೇ, ನನ್ನ ರಕ್ತ ಅಂವನ ತೊಳ್ಯಾಕತ್ತಾನಂತ" ಎಂದರು. ಆ ನಾಲ್ಕು ತಾಸು ಕಾಕು ಮೊಬೈಲ್ ನೋಡುತ್ತಿದ್ದರು. ಟೈಪು ಮಾಡಲು ಬಾರದು. ಬಾಯಿಂದಲೇ ಕೇಳುವರು: ಕಿಡ್ನಿ ಇಲ್ಲದವರು ಬಾಳೆಹಣ್ಣು ತಿನ್ನಬಹುದೇ, ಎಷ್ಟು ದಿನ ಬದುಕುತ್ತಾರೆ.

ಆ ದಿನಗಳಲ್ಲೇ ಮುಧೋಳ ಕಡೆಯ ವ್ಯಾಪಾರಿಯೊಬ್ಬ ನನ್ನ ಬಳಿ ಬಂದ. ಕಿಡ್ನಿಗೆ ಗಿಡಮೂಲಿಕೆಯ ಪುಡಿ. ಡಬ್ಬಿಯ ಲೇಬಲ್ಲೂ ಜಾಹೀರಾತೂ ಬೇಕೆಂದ. ಗುಣವಾಗುತ್ತದೆಯೇ ಎಂದು ಕೇಳಿದೆ. ಆಗತೈತಿ ಎಂದ. ಇನ್ನೊಮ್ಮೆ ಕೇಳಲಿಲ್ಲ. "ಸೂಜಿ ಬೇಡ, ಮಷೀನು ಬೇಡ, ಇಪ್ಪತ್ತೊಂದು ದಿನ ಸಾಕು" ಎಂದು ಬರೆದುಕೊಟ್ಟೆ. ಸಾಲು ಚೆನ್ನಾಗಿ ಬಂತೆಂದು ನನಗೆ ಖುಷಿಯೂ ಆಗಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಆರಿಸಿದೆ. ಐವತ್ತು ದಾಟಿದವರು ಎಂದು ಆರಿಸಿದೆ. ಕಂಪನಿಯ ಒಪ್ಪಿಗೆ ನಾನು ಚಹಾ ಕುಡಿಯುವಷ್ಟರಲ್ಲಿ ಬಂತು. ಪಕ್ಕದ ಮನೆಯ ಕಾಕು ನೆನಪಾಗಲಿಲ್ಲವೇ ಎಂದು ಈಗ ಜನ ಕೇಳುತ್ತಾರೆ. ಆಗಲಿಲ್ಲ. ನನಗದು ಎಲ್ಲೋ ಇರುವ ಜನರಿಗೆ ಹೋಗುವ ಜಾಹೀರಾತಾಗಿತ್ತು.

ಸಾಹೇಬರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಹದಿನೈದು ದಿನ ಧೂಳಿನಲ್ಲಿ ತಿರುಗಬಾರದೆಂದು ಡಾಕ್ಟರು ಹೇಳಿದ್ದರಿಂದ ಕಾಕುವನ್ನು ಜಮಖಂಡಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಹೋಗಿ ಬಂದೆವು. ಎರಡನೆಯ ಸಲ ಕಾಕು ತಾವೇ ನಮ್ಮ ಬಾಗಿಲಿಗೆ ಬಂದು, "ಈ ಸರ್ತಿ ಬ್ಯಾಡಂದಾರಬೇ ಡಾಕ್ಟರು. ಆರಾಮ ಅದೀನಿ. ಸಾಹೇಬರಿಗೆ ಹೇಳೀನಿ, ನೀ ಕೆಲಸ ಮಾಡ್ಕೋ ಹೋಗು" ಎಂದರು. ನನಗೂ ಕೆಲಸವಿತ್ತು, ನಂಬಿದೆ. ಸಾಹೇಬರಿಗೆ ಆಕೆ ಹೇಳಿದ್ದೇ ಬೇರೆ: ನನ್ನ ಜೊತೆ ಹೋಗಿ ಬಂದೆನೆಂದು. ಆ ಹೊತ್ತನ್ನೆಲ್ಲ ಆಕೆ ನಮ್ಮ ಹಿತ್ತಲಲ್ಲಿ ಅವ್ವನ ಜೊತೆ ಮಾತಾಡುತ್ತ ಕಳೆದಿದ್ದರು. ಮೂರನೆಯ ಸಲವೂ ಹೀಗೇ ಆಯಿತು. ನಾಲ್ಕನೆಯದಕ್ಕೆ ಮುಂಚೆ ಮುಖ ಊದಿತು, ಉಸಿರು ಸಿಗದಾಯಿತು. ಜಮಖಂಡಿ ತಲುಪುವ ಮೊದಲೇ, ಗಾಡಿಯಲ್ಲಿ, ಸಾಹೇಬರ ತೊಡೆಯ ಮೇಲೆ ಪ್ರಾಣ ಹೋಯಿತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಸಾಹೇಬರು ಒಂದು ಡಬ್ಬಿ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಕಣ್ಣಿಗಿನ್ನೂ ಕಪ್ಪು ಕನ್ನಡಕ. ಕಾಕು ಅದನ್ನು ಜೋಳದ ಹಿಟ್ಟಿನ ಡಬ್ಬದೊಳಗೆ ಹುಗಿದಿಟ್ಟಿದ್ದರಂತೆ. ಲೇಬಲ್ಲಿನ ಹಸಿರು ನಾನೇ ಆರಿಸಿದ ಹಸಿರು.

"ಮೊಬೈಲಿನ್ಯಾಗ ನೋಡಿ ತರಸ್ಯಾಳ. ಇದನ್ನ ಆಕಿಗೆ ಯಾರು ತೋರಿಸ್ಯಾರ, ಹುಡುಕಿ ಕೊಡು ಯವ್ವಾ. ನಿನಗ ಗೊತ್ತಾಗತೈತಿ" ಎಂದರು.

ನೋಡ್ತೀನ್ರಿ ಎಂದೆ. ನಾಲ್ಕು ದಿನ ಅವರ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಓಡಾಡಿದೆ. ಐದನೆಯ ದಿನ ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಪೇಪರ್ ಹಿಡಿದು ಕುಳಿತಿದ್ದಾಗ ಹೋಗಿ ಮುಂದೆ ನಿಂತೆ.

"ಸಾಹೇಬ್ರ, ಆ ಜಾಹೀರಾತು ಬರದಾಕಿ ನಾನ."

ಅವರು ತಲೆಯೆತ್ತಲಿಲ್ಲ. ಪೇಪರನ್ನು ಮಡಿಚಿದರು, ಮತ್ತೆ ಮಡಿಚಿದರು.

"ಯಾವಾಗ ಗೊತ್ತಾತು?"

"ಡಬ್ಬಿ ನೋಡಿದ ಕೂಡ್ಲೇರಿ."

"ನಾಕ ದಿನ ಆತು" ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎರಡು ದಿನದ ಮೇಲೆ ಕಾಗದ, ಪೆನ್ನು ಹಿಡಿದು ತಾವೇ ಬಂದರು. ನನ್ನೆದುರು ಕುಳಿತು, ತಪಾಸಣೆಗೆ ಬಂದ ದಿನ ಅಪ್ಪನನ್ನು ಕೇಳಿದ ದನಿಯಲ್ಲೇ ಕೇಳಿದರು.

"ಕೇಳಿದ್ದಕ್ಕ ಅಷ್ಟ ಹೇಳು. ಬರದಾಕಿ ನೀ. ಮಾರಿದಾಂವ ಅಂವ. ಆಕಿ ಮೊಬೈಲಿಗೆ ಮುಟ್ಟಿಸಿದಾಂವ ಯಾರು?"

"ಕಂಪನೀರಿ."

"ಆಕಿಗೆ ಕಿಡ್ನಿ ಬ್ಯಾನಿ ಐತಿ ಅಂತ ನೀ ಹೇಳಿದ್ದೇನು ಅವರಿಗೆ?"

"ಇಲ್ಲರಿ. ಆಕಿ ಮೊಬೈಲಿಗೆ ಕೇಳಿದ್ದರಾಗಿಂದ ಅವರಿಗೆ ತಾನ ಗೊತ್ತಾಗಿರತೈತಿ."

"ಜಾಹೀರಾತು ಹಾಕೂ ಮುಂದ ಯಾರರ ಓದಿ ನೋಡಿದ್ರೇನು?"

"ಮನಷ್ಯಾರು ಓದಿರಾಕಿಲ್ಲರಿ."

ಎಲ್ಲ ಬರೆದುಕೊಂಡರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿನ್ನನ್ನ ಬಿಡಾಂಗಿಲ್ಲ ನಾ. ಅಂವನ್ನೂ ಬಿಡಾಂಗಿಲ್ಲ. ಆದ್ರ ನೀವಿಬ್ಬರೂ ಕೈಗೆ ಸಿಗತೀರಿ. ಅವರನ್ನ ಎಲ್ಲಿ ಹೋಗಿ ಕೇಳ್ಲಿ?"

ಪೊಲೀಸರು ವ್ಯಾಪಾರಿಯನ್ನು ಹಿಡಿದರು. ಜಾಮೀನಿನ ಮೇಲೆ ಬಂದವನು ಅದೇ ಪುಡಿಯನ್ನು ಬೇರೆ ಹೆಸರಿನಲ್ಲಿ ಮಾರತೊಡಗಿದ. ಸಾಹೇಬರು ಬಾಗಲಕೋಟೆಯ ಗ್ರಾಹಕರ ನ್ಯಾಯಾಲಯದಲ್ಲಿ ದೂರು ಹಾಕಿದರು. ಎದುರುದಾರರು ಮೂವರು: ಒಂದು ವ್ಯಾಪಾರಿ, ಎರಡು ನಾನು, ಮೂರು ಕಂಪನಿ. ದೂರನ್ನು ಟೈಪು ಮಾಡಿದವಳೂ ನಾನೇ. ನನ್ನ ಹೆಸರನ್ನು ನಾನೇ ಒತ್ತಿದೆ. ಅಪ್ಪ ಅವರ ಮನೆಗೆ ಹೋಗಿ ಕೈಮುಗಿದ. ಅಂದಿನ ಸೀರೆಗಂಟಿನ ಸಿಟ್ಟಿಗೆ ಮಗಳ ಮೇಲೆ ಹಗೆ ತೀರಿಸಿಕೊಳ್ಳಬೇಡಿ ಎಂದ. ಅಂದು ಹಗೆ ಇದ್ದದ್ದು ಅಪ್ಪನಿಗೆ, ಅವರಿಗಲ್ಲ. ಸಾಹೇಬರು ಅಪ್ಪನಿಗೆ ಕುರ್ಚಿ ಕೊಟ್ಟು, ಚಹಾ ಮಾಡಿಕೊಟ್ಟು, ಹೆಸರು ಮಾತ್ರ ತೆಗೆಯಲಿಲ್ಲ.

ಕಂಪನಿಗೆ ಒಂದು ಮಹಾನಗರದಲ್ಲಿ ಕಚೇರಿ ಇತ್ತು. ಅಲ್ಲಿಗೆ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಹೋಯಿತು. ಉತ್ತರ ಇಂಗ್ಲಿಷಿನಲ್ಲಿ ಬಂತು: ಇಲ್ಲಿಯ ಕಚೇರಿ ಮಾರಾಟಕ್ಕೆ ನೆರವಾಗುತ್ತದೆ ಅಷ್ಟೆ, ಜಾಹೀರಾತು ನಡೆಸುವುದು ಹೊರದೇಶದಲ್ಲಿರುವ ಮೂಲ ಕಂಪನಿ, ಅಲ್ಲಿಗೆ ಬರೆಯಿರಿ. ಅಲ್ಲಿಗೂ ಬರೆದರು. ಅಲ್ಲಿಂದ ಏನೂ ಬರಲಿಲ್ಲ.

"ರೊಕ್ಕ ತಗೊಳ್ಳೂ ಮುಂದ ಇಲ್ಲಿ ಇರತಾರ, ಜವಾಬ ಕೇಳೂ ಮುಂದ ಅಲ್ಲಿ ಇರತಾರ" ಎಂದರು.

ಆಮೇಲೆ ಅವರು ದೆಹಲಿಗೆ ಅರ್ಜಿ ಬರೆಯತೊಡಗಿದರು. ಅವರು ಹೇಳುವುದು, ನಾನು ಟೈಪು ಮಾಡುವುದು. ಕಾಕುವಿನ ಸಾವಿಗೂ ಟ್ಯಾಕ್ಸಿಗೂ ಏನು ಸಂಬಂಧವೆಂದು ಕೇಳುತ್ತಾರೆ ಎಂದೆ. ಅದಕ್ಕೆ ಅವರು ಬರೆಸಿದ ಸಾಲುಗಳು ನನ್ನ ಬಳಿ ಇವೆ: "ನನ್ನ ಹೆಂಡತಿಯ ಜೀವ ಉಳಿಸಿದ್ದ ಯಂತ್ರ ಈ ಭಾಗದ ನೇಕಾರರು, ರೈತರು, ಅಂಗಡಿಯವರು ಕಟ್ಟಿದ ತೆರಿಗೆಯದು. ಆ ಯಂತ್ರ ಬೇಡವೆಂದು ಆಕೆಗೆ ಹೇಳಿಸಿದವರು ಇದೇ ಭಾಗದಲ್ಲಿ ದಿನವೂ ವ್ಯಾಪಾರ ಮಾಡುತ್ತಾರೆ. ಅದಕ್ಕೆ ಅವರು ಏನೂ ಕಟ್ಟಿಲ್ಲ. ನಾನು ಸೇಡು ಕೇಳುತ್ತಿಲ್ಲ. ಒಬ್ಬ ಮಗ್ಗದ ಮಾಲೀಕನಿಗೆ ಹಾಕಿದ ನಿಯಮವನ್ನು ಅವರಿಗೂ ಹಾಕಿರೆಂದು ಕೇಳುತ್ತಿದ್ದೇನೆ."

ನನ್ನ ಬಳಿ ಹಳೆಯ ವಾದ ಇನ್ನೂ ಇತ್ತು. ತೆರಿಗೆ ಹಾಕಿದರೆ ಸಣ್ಣವರ ಬಿಲ್ಲೇ ಏರುತ್ತದೆಂಬುದು ಇಂದಿಗೂ ಸುಳ್ಳೆನಿಸುವುದಿಲ್ಲ. ಆದರೂ ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಟೈಪು ಮಾಡಿದೆ.

ಅರ್ಜಿಗೆ ಉತ್ತರ ಬರಲಿಲ್ಲ. ಬಂದದ್ದು ಪೇಪರಿನಲ್ಲಿ ಒಂದು ಸುದ್ದಿ. ಆನ್‌ಲೈನ್ ಜಾಹೀರಾತಿನ ವಿದೇಶಿ ಕಂಪನಿಗಳ ಗಳಿಕೆಯ ಮೇಲೆ ನಮ್ಮ ದೇಶ ಹಾಕಿದ್ದ ಒಂದು ತೆರಿಗೆಯನ್ನೂ ಸರ್ಕಾರ ಕೈಬಿಟ್ಟಿತ್ತು. ಹಾಗೊಂದು ತೆರಿಗೆ ಇತ್ತೆಂಬುದು ನಮ್ಮಿಬ್ಬರಿಗೂ ಸರಿಯಾಗಿ ತಿಳಿದಿರಲಿಲ್ಲ. ಮೂವತ್ತು ವರ್ಷ ತೆರಿಗೆ ಇಲಾಖೆಯ ಅನ್ನ ಉಂಡವರು ಆ ಸುದ್ದಿಯನ್ನು ಎರಡು ಸಲ ಓದಿದರು. ಆ ಕಂಪನಿಗಳ ತವರಾದ ದೊಡ್ಡ ದೇಶದ ಜೊತೆ ವ್ಯಾಪಾರದ ಮಾತುಕತೆ ನಡೆದಿದೆಯೆಂದೂ ಅದರಲ್ಲಿ ಬರೆದಿತ್ತು.

"ನಮ್ಮವರು ಅಂಜಿದ್ರು" ಎಂದರು. ಅಷ್ಟೆ. ಆ ದಿನದಿಂದ ಅರ್ಜಿ ಬರೆಸುವುದನ್ನು ನಿಲ್ಲಿಸಿದರು. ಊಟವೂ ಕಡಿಮೆಯಾಯಿತು. ಅವ್ವ ಕಳಿಸಿದ ರೊಟ್ಟಿ ಒಮ್ಮೊಮ್ಮೆ ಹಾಗೆಯೇ ವಾಪಸು ಬರುತ್ತಿತ್ತು.

ಮಳೆಗಾಲದಲ್ಲಿ ಜ್ವರ ಹಿಡಿಯಿತು, ಎದೆಗಿಳಿಯಿತು. ಕಾಕುವಿನ ತಮ್ಮ ತೇರದಾಳದಿಂದ ಬಂದು ಜಮಖಂಡಿಗೆ ಸೇರಿಸಿದರು. ನಾನು ಮಧ್ಯಾಹ್ನಗಳಲ್ಲಿ ಹೋಗಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಬೇರೆ ಯಾರೂ ಇರಲಿಲ್ಲ. ಇಷ್ಟು ದಿನ ಬಾಯಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತನ್ನು ಆಡಲು ಹೊರಟೆ.

"ಸಾಹೇಬ್ರ, ನನ್ನನ್ನ…"

ಕೈಯೆತ್ತಿ ತಡೆದರು. "ಅದನ್ನ ನನಗ ಕೇಳಬ್ಯಾಡ. ಆಕಿಗೆ ಕೇಳೂದಿತ್ತು." ಉಸಿರು ಸುಧಾರಿಸಿಕೊಂಡು ಹೇಳಿದರು: "ಕೋರ್ಟಿನ ಮುಂದಿನ ತಾರೀಕ ತಪ್ಪಸಬ್ಯಾಡ. ನೀ ಒಬ್ಬಾಕೀನರ ಬಾ."

ಮೂರು ದಿನದ ಮೇಲೆ ತೀರಿಕೊಂಡರು. ದಂಡ ಕಟ್ಟಿದ್ದ ನೇಕಾರರು ಓಣಿಯ ಮಗ್ಗಗಳನ್ನು ಅರ್ಧ ದಿನ ನಿಲ್ಲಿಸಿ ಹೆಗಲು ಕೊಟ್ಟರು. ಅಪ್ಪನೂ ಕೊಟ್ಟ.

ದೂರುದಾರರು ಸತ್ತರಲ್ಲ, ಇನ್ನು ಪ್ರಕರಣ ಸಡಿಲಾಗುತ್ತದೆ ಎಂದು ನನ್ನ ವಕೀಲರು ಹೇಳಿದರು. ಪದಗಳನ್ನೆಲ್ಲ ವ್ಯಾಪಾರಿಯೇ ಹೇಳಿ ಬರೆಸಿದನೆಂದರೆ ಸಾಕು, ನನ್ನ ಹೆಸರು ಹೊರಬರುತ್ತದೆ. ವ್ಯಾಪಾರಿಯ ವಕೀಲರ ವಾದ, ಪದಗಳೆಲ್ಲ ನನ್ನವೇ ಎಂದು. ಅದು ನಿಜ.

ತಾರೀಕಿನ ದಿನ ಬಾಗಲಕೋಟೆಗೆ ಹೋದೆ. ಸಾಹೇಬರ ಬದಲಿಗೆ ಕಾಕುವಿನ ತಮ್ಮ ನಿಂತಿದ್ದರು. ಒಂದನೆಯ ಎದುರುದಾರ ಎಂದು ಕರೆದಾಗ ಅವನ ವಕೀಲರು ಎದ್ದರು. ಎರಡನೆಯವರು ಎಂದಾಗ ನಾನು ಎದ್ದೆ. ಮೂರನೆಯ ಹೆಸರನ್ನು ಗುಮಾಸ್ತರು ತಡವರಿಸುತ್ತ ಓದಿದರು. ಜಗತ್ತಿಗೆಲ್ಲ ಗೊತ್ತಿರುವ ಆ ಹೆಸರು ಆ ಸಣ್ಣ ಕೋಣೆಯಲ್ಲಿ ಕೇಳಿ ಬೆಂಚಿನಲ್ಲಿದ್ದ ಒಬ್ಬರು ನಕ್ಕರು. ಮೂರು ಸಲ ಕರೆದರು. ಯಾರೂ ಏಳಲಿಲ್ಲ. ಗೈರುಹಾಜರು ಎಂದು ಬರೆದುಕೊಂಡರು.

ನ್ಯಾಯಪೀಠದ ಅಧ್ಯಕ್ಷರು ನನ್ನ ಕಡೆ ನೋಡಿ, ಈ ಜಾಹೀರಾತಿನ ಪದಗಳು ಯಾರವು ಎಂದು ಕೇಳಿದರು. ವಕೀಲರು ನನ್ನ ತೋಳು ಹಿಡಿದು ಕೂರಿಸಲು ನೋಡಿದರು.

"ನನ್ನವರಿ. ಯಾರೂ ಹೇಳಿ ಬರಸಿಲ್ಲ. ಖರೆ ಐತೋ ಸುಳ್ಳ ಐತೋ ವಿಚಾರಸದ ಬರದೀನಿ" ಎಂದೆ.

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಕಾಕುವಿನ ತಮ್ಮ ಒಮ್ಮೆ ನನ್ನತ್ತ ನೋಡಿ ಮುಖ ತಿರುಗಿಸಿದರು. ಗುಮಾಸ್ತರು ನನ್ನ ಮಾತನ್ನು ಬರೆದುಕೊಂಡು, ಕಾಗದವನ್ನು ಮುಂದೆ ಸರಿಸಿ, ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದರು. ನಾನು ಸಹಿ ಮಾಡಿದೆ.