ಕರಿಹಲಗೆಗೆ ಹೆಚ್ಚಾದ ಪದ

ಬಸವೇಶ್ವರನಗರದ ನಮ್ಮ ಪಾರ್ಕಿನ ಗೇಟಿನ ಪಕ್ಕ ಒಂದು ಕರಿಹಲಗೆ ಇದೆ. ಮೇಲ್ಭಾಗದಲ್ಲಿ ದಿನವೂ ನಾನೊಂದು ಇಂಗ್ಲಿಷ್ ಪದ, ಅದರ ಕನ್ನಡ ಅರ್ಥ ಬರೆಯುತ್ತೇನೆ. ಕೆಳಭಾಗ ಬಡಾವಣೆಗೆ ನೀರು ಬಿಡುವವರ ಸೂಚನೆಗಳಿಗೆ. ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಕೊಂಡಿಲ್ಲ. ಕಾಗುಣಿತ ತಪ್ಪಿತೇನೋ ಎಂದು ಮನೆಯಿಂದ ಎರಡು ಸಲ ವಾಪಸು ಬಂದು ನೋಡುವುದೂ ನನ್ನದೇ ಚಟ.

ಆ ಸಂಜೆ ‘ಸೆಟ್’ ಆರಿಸಿಕೊಂಡೆ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ, ಏನು ಮಹಾ ಅಂದುಕೊಂಡೆ. ನಿಘಂಟು ತೆರೆದರೆ ಮುಗಿಯಲೇ ಇಲ್ಲ. ಇಡು, ಕೂರಿಸು ಎಂಬರ್ಥದ ಸೆಟ್ ಹಳೆಯ ಇಂಗ್ಲಿಷಿನದು. ಕೂರುವ ‘ಸಿಟ್’ಗೆ ಹತ್ತಿರದ ನೆಂಟ. ಗುಂಪು ಎಂಬರ್ಥದ್ದು ಲ್ಯಾಟಿನ್ನಿನಲ್ಲಿ ಹುಟ್ಟಿ ಫ್ರೆಂಚ್ ದಾಟಿ ಬಂದದ್ದು. ಮೂಲದಲ್ಲಿ ಅದು ಅನುಯಾಯಿಗಳ ಪಂಥ. ಎರಡು ಬೇರೆ ಮನೆತನ, ಒಂದೇ ಹೆಸರು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸೂರ್ಯ ಮುಳುಗುವುದು, ಕಾಂಕ್ರೀಟ್ ಗಟ್ಟಿಯಾಗುವುದು, ಸಿನಿಮಾದವರು ಕಟ್ಟುವ ಸುಳ್ಳು ಊರು, ತಟ್ಟೆಗೆ ಒಟ್ಟಿಗೆ ಬರುವ ಮೂರು ದೋಸೆ, ಹುಡುಗ ಹುಡುಗಿ ಜೊತೆಯಾಗುವುದು, ಇದರಲ್ಲಿ ಯಾವುದನ್ನು ಬಿಟ್ಟರೆ ಯಾರು ತಪ್ಪು ಹಿಡಿದಾರೋ ಎಂಬ ದಿಗಿಲು. ಜಾಗ ಸಾಲಲಿಲ್ಲ. ಕೆಳಗಿದ್ದ ನೀರಿನ ಸೂಚನೆ ಹಳೆಯದೆಂದುಕೊಂಡು ಒರೆಸಿ, ಅಲ್ಲೂ ಬರೆದೆ.

ಮರುದಿನ ಬೆಳಗ್ಗೆ ನಲ್ಲಿಯಲ್ಲಿ ನೀರಿಲ್ಲ. ಎದುರು ಮನೆಯ ಹಿರಿಯಾಕೆ ನಮ್ಮ ಗೇಟಿಗೆ ಬಂದರು. ಅಂದು ಅವರ ಮಗಳ ಸೀಮಂತ. ಅಡುಗೆಯವರು ಬಂದಾಗಿತ್ತು, ಸಂಪಿನ ತಳ ಕಾಣುತ್ತಿತ್ತು.

“ನಿನ್ನೆ ಬೋರ್ಡ್ ನೋಡ್ಕೊಂಡೇ ಬಂದೆ ಸಾರ್. ನೀರಿನ ವಿಷ್ಯ ಇರ್ಲೇ ಇಲ್ಲ. ಇದ್ದಿದ್ರೆ ಆಗ್ಲೇ ಟ್ಯಾಂಕರ್‌ಗೆ ಹೇಳ್ತಿದ್ದೆ. ಈಗ ಕೇಳಿದ್ರೆ ಸಾಯಂಕಾಲ ಅಂತಾನೆ. ಆ ನೀರು ಬಿಡೋನಿಗೆ ಬರೆಯೋಕೂ ಸೋಮಾರಿತನ!”

ಹೂಂ ಅಂದುಬಿಟ್ಟಿದ್ದರೆ ಪಾರಾಗುತ್ತಿದ್ದೆ. ಬಾಯಿಗೆ ಬಂದೂ ಇತ್ತು.

“ಅವ್ನು ಬರ್ದಿದ್ದ ಅಮ್ಮ. ಒರ್ಸಿದ್ದು ನಾನು. ಜಾಗ ಸಾಕಾಗ್ಲಿಲ್ಲ.”

“ಅಯ್ಯೋ, ಅಷ್ಟುದ್ದ ಯಾಕ್ ಬರೀತೀರಾ? ನಾನು ಮೊದಲನೇ ಸಾಲಿಗೇ ಬಿಟ್ಬಿಡ್ತೀನಿ.”

“ನೀವು ಒಂದು ಸಾಲಾದ್ರೂ ಓದ್ತೀರಲ್ಲ,” ಎಂದಳು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ.

ನೀರು ನಿಂತೀತೆಂಬ ಭಯಕ್ಕೆ ನಮ್ಮ ಸಂಪು, ಡ್ರಮ್ಮು, ಬಕೆಟ್ಟು ಸದಾ ತುಂಬಿರುತ್ತವೆ. ಮೋಟಾರಿಗೆ ಉದ್ದನೆಯ ಪೈಪ್ ಸಿಕ್ಕಿಸಿ, ರಸ್ತೆಗೆ ಅಡ್ಡಲಾಗಿ ಎಳೆದು ಅವರ ಸಂಪಿಗೆ ಬಿಟ್ಟೆ. ನಮ್ಮದು ಬರಿದಾದ ಮೇಲೆ ಡ್ರಮ್ಮೂ ಬಕೆಟ್ಟೂ ದಾಟಿದವು.

ಹನ್ನೊಂದರ ಹೊತ್ತಿಗೆ ಅವರಲ್ಲಿ ಅನ್ನಕ್ಕೆ ಎಸರು ಕುದಿಯುತ್ತಿತ್ತು.

“ಸಾರ್, ಸ್ನಾನ ಮುಗಿಸ್ಕೊಂಡು ಇಬ್ರೂ ಊಟಕ್ಕೆ ಬಂದ್ಬಿಡಿ.”

ಮನೆಯಲ್ಲಿ ಒಂದು ಚೊಂಬು ನೀರು ಉಳಿದಿತ್ತು. ಅದರಲ್ಲೇ ಮುಖ ತೊಳೆದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಸಾಲಿನ ಕಟ್ಟಕಡೆಯ ಎಲೆಗೆ ಹೋಗಿ ಕೂತೆ.